ತೋಳಿನ ಹಿಂದಿನವನು

ನನ್ನ ಹೆಸರು ಚಲುವಯ್ಯ. ಹೆಸರಿಡುವಾಗ ಅಪ್ಪ ನನ್ನ ಮುಖವನ್ನು ಸರಿಯಾಗಿ ನೋಡಿರಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಕಸುಬು ಬಳೆ ತೊಡಿಸುವುದು. ತೊಡಿಸಿದ್ದಕ್ಕಿಂತ ಒಡೆದದ್ದೇ ಹೆಚ್ಚು ಎಂದು ಊರು ಹೇಳುತ್ತದೆ. ಊರಿನ ಮಾತನ್ನು ನಾನು ಯಾವತ್ತೂ ತಳ್ಳಿಹಾಕಿದವನಲ್ಲ, ಅದರಲ್ಲೂ ಅದು ನಿಜವಾಗಿರುವಾಗ. ಈಗ ಹೇಳಹೊರಟಿರುವುದು ನನ್ನ ಎರಡು ತೋಳುಗಳು ಯುಗಾದಿ ಕಳೆದಾಗಿನಿಂದ ಕಾರ್ತಿಕದವರೆಗೆ ಒನಕೆಗಳ ಹಾಗೆ ನೆಟ್ಟಗೆ ನಿಂತಿದ್ದ ಕಥೆ.

ನಮ್ಮೂರಿನಲ್ಲಿ ಮೈಗೆ ಬಾಯಿಬಿಟ್ಟು ಹೇಳಬೇಕು. ಎದೆ ತನ್ನಷ್ಟಕ್ಕೆ ತಾನು ಬಡಿದುಕೊಳ್ಳುತ್ತದೆ, ಹೊಟ್ಟೆ ತನ್ನಷ್ಟಕ್ಕೆ ತಾನು ಅರಗಿಸುತ್ತದೆ. ಅವು ನಮ್ಮ ಮಾತು ಕೇಳುವ ಪೈಕಿಯಲ್ಲ. ಆದರೆ ಕೈ, ಕಾಲು, ಕತ್ತು, ಸೊಂಟ, ಕೆನ್ನೆ ಇವೆಲ್ಲ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮನಸ್ಸಿನಲ್ಲಿ ಅಂದುಕೊಂಡರೆ ನಡೆಯುವುದಿಲ್ಲ, ಪಿಸುಗುಟ್ಟಿದರೂ ನಡೆಯುವುದಿಲ್ಲ. ಹಾಗಾಗಿ ಬೆಳಗಾಯಿತೆಂದರೆ ಊರೆಲ್ಲ ಗುಜುಗುಜು. ಒಬ್ಬ ಮಂಡಿಗೆ ಹೇಳುತ್ತಿರುತ್ತಾನೆ, ಒಬ್ಬಳು ಸೊಂಟವನ್ನು ಓಲೈಸುತ್ತಿರುತ್ತಾಳೆ. ನಮ್ಮಲ್ಲಿ ಕಳ್ಳತನ ಕಡಿಮೆ, ಏಕೆಂದರೆ "ಬೆರಳೇ, ಮೆಲ್ಲಗೆ ಚಿಲಕ ತೆಗಿ" ಎನ್ನುವ ಕಳ್ಳನ ದನಿಗೇ ಮನೆಯವರು ಎದ್ದುಬಿಡುತ್ತಾರೆ. ಎಲ್ಲವೂ ಸರಿ, ಆ ನಾಲಿಗೆಗೆ ಹೇಳುವವರು ಯಾರು ಎಂದು ಹೊರಗಿನವನೊಬ್ಬ ಒಮ್ಮೆ ಸಂತೆಯಲ್ಲಿ ಕೇಳಿದ. ಅವನಿಗೆ ಬಾರಿಸಬೇಕೆಂದು ನಾಲ್ಕಾರು ಜನ ಹೊರಟರು. ತಂತಮ್ಮ ಕೈಕಾಲುಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ಅವನು ಊರ ಗಡಿ ದಾಟಿದ್ದ.

ಈ ಸ್ನಾಯುಗಳಿಗೆ ಎಳೆಯುವುದೊಂದೇ ಗೊತ್ತು, ತಳ್ಳುವುದು ಗೊತ್ತಿಲ್ಲ. ಅದಕ್ಕೇ ದೇವರು ಅವನ್ನು ಜೋಡಿ ಮಾಡಿ ಇಟ್ಟಿದ್ದಾನೆ. ತೋಳಿನ ಮುಂದಿನದು ಎಳೆದರೆ ಕೈ ಮಡಚುತ್ತದೆ, ಹಿಂದಿನದು ಎಳೆದರೆ ಚಾಚಿಕೊಳ್ಳುತ್ತದೆ. ಒಂದು ಎಳೆಯುವಾಗ ಇನ್ನೊಂದು ಬಿಡಬೇಕು. ಈ ಜೋಡಿಗಳಿಗೆ ಒಂದೊಂದು ಮನೆಯಲ್ಲಿ ಒಂದೊಂದು ಹೆಸರು. ಮೇಷ್ಟರ ಮನೆಯಲ್ಲಿ ಪೂರ್ವ, ಪಶ್ಚಿಮ. ಗಾಣದವರ ಮನೆಯಲ್ಲಿ ಕರಿಯ, ಬಿಳಿಯ, ಅಂದರೆ ಅವರ ಹಳೆಯ ಎತ್ತುಗಳ ಹೆಸರು. ಶಾನುಭೋಗರ ಮನೆಯಲ್ಲಿ ಅತ್ತೆ, ಸೊಸೆ. ಆ ಮನೆಯವರ ಕೈ ಯಾವಾಗಲೂ ಸ್ವಲ್ಪ ನಡುಗುತ್ತಿರುತ್ತದೆ. ನಮ್ಮ ಮನೆಯಲ್ಲಿ ಅಣ್ಣ, ತಮ್ಮ; ಭುಜಕ್ಕೆ ಮಾವ. ನಾನಿನ್ನೂ ಅಂಬೆಗಾಲಿಡುತ್ತಿದ್ದಾಗ ಅಮ್ಮ ನನ್ನ ತೋಳು ಹಿಡಿದು ಕಲಿಸಿದ್ದು ಇಷ್ಟು: "ಮುಂದಿರೋನು ಅಣ್ಣ, ಹಿಂದಿರೋನು ತಮ್ಮ. ಇಬ್ರೂ ಹಟ ಹಿಡಿದು ಎಳೆದ್ರೆ ಕೈ ಕೊರಡಾಗುತ್ತೆ ಮಗಾ. ಒಬ್ಬ ಎಳೆದಾಗ ಒಬ್ಬ ಬಿಡಬೇಕು." ಆಗ ಇಟ್ಟ ಹೆಸರು ಸಾಯುವವರೆಗೆ. ಬೇರೆ ಯಾವ ಹೆಸರಿಗೂ ಅವು ಓಗೊಡುವುದಿಲ್ಲ.

ಬಳೆಗಾರನಿಗೆ ಬೇಕಾದದ್ದು ಈ ಬಿಡುವುದೇ. ಕೈ ಬಿಗಿಯಾಗಿದ್ದರೆ ಗಾಜಿನ ಬಳೆ ಗೆಣ್ಣು ದಾಟುವುದಿಲ್ಲ. ಅಂಗೈಯನ್ನು ಹಿಂಡಿ, ಹೆಬ್ಬೆರಳನ್ನು ಒಳಗೆ ಮಡಿಸಿ, "ಅಮ್ಮಾ, ಇಂಥವನಿಗೆ ಬಿಡು ಅನ್ನಿ" ಎಂದು ಆಯಾ ಮನೆಯ ಹೆಸರು ಹೇಳಿ ನೆನಪಿಸಬೇಕು. ಅವರು ತಮ್ಮ ಕೈಗೆ ತಾವೇ ಹೇಳಿಕೊಳ್ಳುತ್ತಾರೆ, ಕೈ ಬೆಣ್ಣೆಯಾಗುತ್ತದೆ, ಬಳೆ ಜಾರುತ್ತದೆ. ಇದಕ್ಕೆ ಅಪ್ಪ ಕಲಿಸಿದ ಒಂದೇ ಒಂದು ಕಟ್ಟಳೆಯಿದೆ. ಬಳೆಯ ಗಂಟು ಬಿಚ್ಚುವ ಮೊದಲು, ಆ ಹೆಸರಿನವರು ಯಾರಾದರೂ ಅಲ್ಲಿದ್ದರೆ ಅವರನ್ನು ಆಚೆ ಕಳಿಸಬೇಕು. ಗಾಣದವರ ಮನೆಯಲ್ಲಾದರೆ ಎತ್ತುಗಳನ್ನು ದೂರ ಕಟ್ಟಿಸಬೇಕು. ಅಷ್ಟೇ. ಕತ್ತೆಗೂ ನೆನಪಿರುವಂಥ ಕಟ್ಟಳೆ. ನನಗೆ ಮರೆತುಹೋಯಿತು.

ಆಗ ನಾನೂ ನನ್ನ ತಮ್ಮ ಮುದ್ದಯ್ಯನೂ ಒಟ್ಟಿಗೇ ಕಸುಬು ಮಾಡುತ್ತಿದ್ದೆವು. ಯುಗಾದಿ ಕಳೆದ ವಾರ ಶಾನುಭೋಗರ ಮನೆಗೆ ಹೋಗಿ ನಡುಮನೆಯಲ್ಲಿ ಕುಳಿತೆವು. ಶಾನುಭೋಗರ ಹೆಂಡತಿಯ ಕೈ ಹಿಡಿದು ನಾನು ಬಲು ಗತ್ತಿನಿಂದ, "ಅಮ್ಮಾವ್ರೇ, ಸೊಸೆಗೆ ಸ್ವಲ್ಪ ಬಿಡು ಅನ್ನಿ" ಎಂದೆ. ಅವರು ತಮ್ಮ ದೊಡ್ಡ ಗಂಟಲಿನಲ್ಲಿ, "ಸೊಸೇ, ಬಿಡು" ಎಂದರು. ಅದೇ ಹೊತ್ತಿಗೆ ನಿಜವಾದ ಸೊಸೆ ಮಜ್ಜಿಗೆಯ ಚರಿಗೆ ಹಿಡಿದುಕೊಂಡು ನಮ್ಮ ಹಿಂದೆಯೇ ಬರುತ್ತಿದ್ದಳು. ಹೊಸ ಸೊಸೆ, ಮಾತಿಗೆ ಎದುರಾಡದವಳು. "ಬಿಟ್ಟೆ ಅತ್ತೆ" ಎಂದಳು. ಅವಳ ಬೆರಳುಗಳು ಆ ಮಾತು ಕೇಳಿಸಿಕೊಂಡು ಬಿಟ್ಟುಬಿಟ್ಟವು. ಚರಿಗೆಯ ಮಜ್ಜಿಗೆಯೆಲ್ಲ ನನ್ನ ನೆತ್ತಿಯ ಮೇಲೆ. ಕರಿಬೇವಿನ ಎಲೆಯೊಂದು ಮೂಗಿಗೆ ಅಂಟಿಕೊಂಡಿತು. ಗಾಬರಿಯಲ್ಲಿ ನಾನು ಹಿಡಿದಿದ್ದ ಬಳೆಯೂ ಒಡೆಯಿತು.

ಮುದ್ದಯ್ಯ ನಕ್ಕ. ನಮ್ಮೂರಿನಲ್ಲಿ ನಗುವಿನಲ್ಲಿ ಎರಡು ಬಗೆ. ನೆಂಟರು ಬಂದಾಗ "ಕೆನ್ನೆ, ಮೇಲೇಳು" ಎಂದು ಹೇಳಿ ತರಿಸಿಕೊಳ್ಳುವುದು ಒಂದು. ಹೇಳದೆ ಕೇಳದೆ ತಾನಾಗಿ ನುಗ್ಗುವುದು ಇನ್ನೊಂದು. ಅವನದು ಎರಡನೆಯದು. ಹೇಳಿ ನಕ್ಕಿದ್ದರೆ ಮರ್ಯಾದೆಗೆ ನಕ್ಕ ಎಂದು ಸುಮ್ಮನಾಗುತ್ತಿದ್ದೆ. ಅವನು ಹೊಟ್ಟೆ ಹಿಡಿದುಕೊಳ್ಳಬೇಕೆಂದು ಕೈಗೆ ಹೇಳಲೂ ಆಗದೆ ಗೋಡೆಗೆ ಒರಗಿ ನಕ್ಕ. ದಾರಿಯುದ್ದಕ್ಕೂ ನಕ್ಕ. ಅಂಗಡಿಗೆ ಬಂದು, ನೆರೆದವರಿಗೆಲ್ಲ ಕರಿಬೇವಿನ ಎಲೆಯ ಸಮೇತ ವರ್ಣಿಸಿದ.

ನನಗೆ ರೇಗಿತು. ಬುದ್ಧಿವಂತನಿಗೆ ಸಿಟ್ಟು ಬಂದರೆ ಒಂದು ಕೈ ಎತ್ತುತ್ತಾನೆ, ನಾನು ಎರಡೂ ಎತ್ತುತ್ತೇನೆ. "ಮಾವಾ, ಏಳು. ಅಣ್ಣಾ, ಬಿಡು. ತಮ್ಮಾ, ಎಳಿ" ಎಂದು ಭುಜಕ್ಕೂ ತೋಳಿಗೂ ಹೇಳಿ, ಎರಡೂ ಕೈ ಬೀದಿಯ ಕಡೆ ಚಾಚಿ ಕೂಗಾಡಿದೆ.

"ನಡಿ ಆಚೆಗೆ. ಇವತ್ತಿಗೆ ಮುಗೀತು. ನನಗೆ ತಮ್ಮ ಅನ್ನೋನು ಇಲ್ಲ. ಆ ಮಾತು ಇನ್ನು ನನ್ನ ಬಾಯಲ್ಲಿ ಬಂದ್ರೆ ನಾನು ಬಳೆಗಾರನ ಮಗನೇ ಅಲ್ಲ."

ಮುದ್ದಯ್ಯನ ನಗು ನಿಂತಿತು. ಕಾಲಿಗೆ ಹೇಳಿಕೊಂಡು ಮೆಟ್ಟಿಲಿಳಿದು ಹೋದ. ಬೀದಿಯಲ್ಲಿ ಜನ ನಿಂತು ನೋಡುತ್ತಿದ್ದರು. ಸರಿ, ಕೈ ಇಳಿಸೋಣವೆಂದು "ಮಾವಾ, ಇಳಿ" ಎಂದೆ. ಭುಜ ಇಳಿಯಿತು. ಮೊಣಕೈ ಮಡಚೋಣವೆಂದು ಬಾಯಿ ತೆರೆದಾಗ ತಿಳಿಯಿತು, ಮೊದಲು "ತಮ್ಮಾ, ಬಿಡು" ಎನ್ನಬೇಕು, ಆ ಮಾತನ್ನೇ ಆಡುವುದಿಲ್ಲವೆಂದು ಈಗಷ್ಟೇ ಆಣೆಯಿಟ್ಟಿದ್ದೇನೆ. ಅಷ್ಟು ಜನರ ಮುಂದೆ ಆಡಿದ ಆಣೆ. ನೆಟ್ಟಗೆ ಜೋತಾಡುವ ಕೈಗಳ ಜೊತೆ ನಾನೂ ನೆಟ್ಟಗೆ ಒಳಗೆ ಹೋದೆ.

ಆಮೇಲಿನ ಬಾಳನ್ನು ಏನೆಂದು ಹೇಳಲಿ. ಅನ್ನ ಕಲಸುತ್ತಿದ್ದೆ, ಬಾಯಿಗೆ ತರಲಾಗುತ್ತಿರಲಿಲ್ಲ. ನನ್ನ ಹೆಂಡತಿ ರಂಗನಾಯಕಿ ತುತ್ತು ಮಾಡಿ ತಿನ್ನಿಸಬೇಕಿತ್ತು, ಅದೂ ಬೀದಿ ಬಾಗಿಲು ತೆರೆದಿಟ್ಟೇ ತಿನ್ನಿಸುತ್ತಿದ್ದಳು. ಮೂಗು ತುರಿಸಿದರೆ ಕಂಬ ಹುಡುಕಬೇಕು. ದೇವಸ್ಥಾನದಲ್ಲಿ ಎಲ್ಲರೂ ಎದೆಗೆ ಕೈಜೋಡಿಸಿದರೆ ನಾನು ದೇವರಿಗೆ ದಾರಿ ತೋರಿಸುವವನ ಹಾಗೆ ಮುಂದೆ ಚಾಚಿ ನಿಲ್ಲುತ್ತಿದ್ದೆ. ಅಂಗಡಿ ಬಾಗಿಲಲ್ಲಿ ಒಮ್ಮೆ ಹಾಗೆ ಚಾಚಿಕೊಂಡು ನಿಂತಿದ್ದಾಗ ಪಕ್ಕದ ಮನೆಯಾಕೆ ತನ್ನ ಒದ್ದೆ ಸೀರೆ ತಂದು ಹರವಿಯೇಬಿಟ್ಟಳು. ಒಣಗುವವರೆಗೆ ನಿಂತಿದ್ದೆ. ಇನ್ನೇನು ಮಾಡಲಿ, ಒಂದು ಕೆಲಸಕ್ಕಾದರೂ ಬಂತಲ್ಲ ಎನ್ನಿಸಿತ್ತು.

ಬೇರೆ ಹೆಸರುಗಳನ್ನು ಪ್ರಯತ್ನಿಸಲಿಲ್ಲ ಎಂದಲ್ಲ. "ಕಿರಿಯವನೇ, ಬಿಡು" ಎಂದೆ. "ಸಹೋದರಾ, ಬಿಡು" ಎಂದೆ. ಹಿಂಭಾಗದಲ್ಲಿದ್ದಾನಲ್ಲ ಎಂದು ಜಾಣತನ ಮಾಡಿ "ನನ್ನ ಬೆನ್ನಿಗೆ ಹುಟ್ಟಿದವನೇ" ಎಂದೂ ಕರೆದೆ. ತೋಳು ಕದಲಲಿಲ್ಲ. ಕೊನೆಗೆ ಬಹುವಚನದಲ್ಲಿ "ತಾವು ದಯಮಾಡಿ ಬಿಡಬೇಕು" ಎಂದು ಬೇಡಿಕೊಂಡೆ. ರಂಗನಾಯಕಿ ಒಳಗಿನಿಂದ "ಯಾರು ಬಂದಿದ್ದಾರೆ?" ಎಂದು ಕೇಳಿದಳು.

ಮುದ್ದಯ್ಯ ನಮ್ಮ ಎದುರಿಗೇ ಬೀದಿಯ ಆಚೆ ಅಂಗಡಿ ಹಾಕಿಕೊಂಡ. ಅವನ ತೋಳಿಗೂ ಅಮ್ಮ ಇಟ್ಟಿದ್ದು ಅವೇ ಹೆಸರು. ಬೆಳಗಿನಿಂದ ಸಂಜೆಯವರೆಗೆ ಅವನ ದನಿ ಬೀದಿ ದಾಟಿ ಬರುತ್ತಿತ್ತು. "ಅಣ್ಣಾ, ಬಿಡು." ಬಳೆ ಇಳಿಸಲು ಕೈ ಚಾಚುವಾಗ "ಅಣ್ಣಾ, ಬಿಡು." ನೊಣ ಓಡಿಸುವಾಗಲೂ "ಅಣ್ಣಾ, ಬಿಡು." ಮೊದಮೊದಲು ನನ್ನನ್ನೇ ಕರೆದನೆಂದು ಎದ್ದು ನಿಲ್ಲುತ್ತಿದ್ದೆ. ಆಮೇಲೆ ತೋಳಿಗೆ ಹೇಳುತ್ತಿದ್ದಾನೆ ಎಂದು ಹೊಳೆದು, ಸುಮ್ಮನೆ ಎದ್ದವನ ಹಾಗೆ ಧೂಳು ಹೊಡೆಯುತ್ತಿದ್ದೆ, ನೆಟ್ಟಗಿನ ಕೈಯಲ್ಲಿ ಎಷ್ಟು ಹೊಡೆಯಲಾದೀತೋ ಅಷ್ಟು.

ತೋಳಿನ ಹಿಂಭಾಗ ನೋಯತೊಡಗಿತು. ಸಣ್ಣ ನೋವಲ್ಲ, ಹಗ್ಗ ಹೊಸೆದಂತೆ ಹಿಂಡುವ ನೋವು. ರಂಗನಾಯಕಿ ಹರಳೆಣ್ಣೆ ಬೆಚ್ಚಗೆ ಮಾಡಿ ನೀವುತ್ತ, ಬೆರಳಿಂದ ಆ ಗಂಟನ್ನು ಒತ್ತಿ ನೋಡಿದಳು.

"ಪಾಪ, ಇವನು ಇನ್ನೂ ಎಳೀತಾನೇ ಇದ್ದಾನೆ" ಎಂದಳು.

"ಯಾರು?"

"ಇನ್ಯಾರು, ಹಿಂದಿನವನು. ಎಳಿ ಅಂತ ನೀವೇ ಹೇಳಿದ್ರಿ. ಬಿಡು ಅಂತ ಯಾರೂ ಹೇಳಿಲ್ಲ. ನಿಮ್ಮ ಕೊನೇ ಮಾತು ಹಿಡ್ಕೊಂಡು ಅಲ್ಲೇ ನಿಂತಿದ್ದಾನೆ."

ಅವಳು ತೋಳಿನ ವಿಷಯ ಹೇಳುತ್ತಿದ್ದಾಳೆ ಎಂದೇ ನಾನು ತಿಳಿದೆ. ಎಣ್ಣೆ ಬಟ್ಟಲು ಎತ್ತಿಕೊಂಡು ಹೋಗುವಾಗ ಬಾಗಿಲಲ್ಲಿ ನಿಂತು ಮತ್ತೊಂದು ಮಾತು ಹೇಳಿದಳು. "ಅಲ್ಲಾ, ಆ ಮನುಷ್ಯ ಬೀದಿ ಕಡೆ ಮುಖ ಮಾಡ್ಕೊಂಡು ಅಣ್ಣಾ ಬಿಡು, ಅಣ್ಣಾ ಬಿಡು ಅಂತ ಅಷ್ಟು ಜೋರಾಗಿ ಯಾಕೆ ಹೇಳ್ತಾನೆ? ಅವನ ತೋಳು ಅವನಿಂದ ಅಷ್ಟು ದೂರ ಇದೆಯಾ?"

"ಅವನದು ಮೊದಲಿಂದಲೂ ದೊಡ್ಡ ಗಂಟಲು" ಎಂದೆ. ಅವಳು ಕೆನ್ನೆಗೆ ಹೇಳಿ ನಕ್ಕು ಒಳಗೆ ಹೋದಳು. ಆ ಹೇಳಿ ನಕ್ಕ ನಗು ನನಗೆ ಚೆನ್ನಾಗಿ ಚುಚ್ಚಿತು.

ಕಾರ್ತಿಕದಲ್ಲಿ ಮುದ್ದಯ್ಯನ ಮಗಳು ಅಲಮೇಲುವಿನ ಮದುವೆ ಗೊತ್ತಾಯಿತು. ನನಗೆ ಮಕ್ಕಳಿಲ್ಲ. ಅಲಮೇಲು ನಮ್ಮ ಅಂಗಡಿಯ ಬಳೆ ಚೂರುಗಳಲ್ಲೇ ಆಡಿ ಬೆಳೆದವಳು. ಅವಳ ಅಂಗೈ ಎಷ್ಟಗಲ, ಯಾವ ಗೆಣ್ಣು ಗಟ್ಟಿ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ನಮ್ಮ ಬಳೆಗಾರರ ಮನೆಗಳಲ್ಲಿ ಒಂದು ಪದ್ಧತಿ: ಮದುವಣಗಿತ್ತಿಗೆ ಹಸಿರು ಬಳೆಯನ್ನು ಹೆತ್ತ ಅಪ್ಪ ತೊಡಿಸುವುದಿಲ್ಲ, ಅವನ ಅಣ್ಣ ತೊಡಿಸಬೇಕು. ಅಣ್ಣನಿಲ್ಲದವರು ಮಾತ್ರ ಹೊರಗಿನವರನ್ನು ಕರೆಸುತ್ತಾರೆ. ನಾನು ಇದ್ದೆ, ಆದರೆ ಹೀಗಿದ್ದೆ.

ಒಂದು ಮಧ್ಯಾಹ್ನ ಅಲಮೇಲು ನೇರವಾಗಿ ಬೀದಿ ದಾಟಿ ಬಂದು ನನ್ನ ಮುಂದೆ ಕುಳಿತಳು.

"ದೊಡ್ಡಪ್ಪ, ಶುಕ್ರವಾರ ಬಳೆ ಶಾಸ್ತ್ರ. ನೀನು ಬರಬೇಕು."

"ನನ್ನ ಕೈ ನೋಡಿದ್ದೀಯಲ್ಲ ಮಗಾ. ಪಕ್ಕದೂರಿಂದ ಯಾರನ್ನಾದ್ರೂ ಕರೆಸಿ."

"ಬೇರೆಯವರ ಕೈಲಿ ನಾನು ತೊಡಲ್ಲ. ಬಳೆ ಇಲ್ಲದೆ ಹಸೆಮಣೆ ಮೇಲೆ ಕೂರೋಕೂ ಆಗಲ್ಲ. ಇನ್ನು ನಿನ್ನಿಷ್ಟ" ಎಂದಳು. ಹಟದಲ್ಲಿ ಆ ಹುಡುಗಿ ನಮ್ಮ ಅಮ್ಮನ ಪಡಿಯಚ್ಚು. ಹೋಗುವಾಗ ತಿರುಗಿ, "ಅಪ್ಪ ಕಳಿಸಿದ್ದಲ್ಲ, ನಾನೇ ಬಂದಿದ್ದು" ಎಂದೂ ಹೇಳಿದಳು. ಅವಳ ಮದುವೆ ನನ್ನ ಮೊಣಕೈಯ ಮೇಲೆ ನಿಂತಿತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಆಣೆಯನ್ನೂ ಉಳಿಸಿಕೊಂಡು ಬಳೆಯನ್ನೂ ತೊಡಿಸಬಹುದೇ ಎಂದು ಯೋಚಿಸುವಷ್ಟು ಮಹಾನುಭಾವ ನಾನು. ಮಡಚದ ಕೈಗೆ ದೂರ ಬೇಕಲ್ಲವೇ, ಹಾಗಾದರೆ ದೂರ ಕುಳಿತರಾಯಿತು ಎಂದು ಲೆಕ್ಕ ಹಾಕಿದೆ. ರಂಗನಾಯಕಿಯನ್ನು ನಡುಮನೆಯಲ್ಲಿ ಕೂರಿಸಿ, ನಾನು ಒಂದು ತೋಳು ದೂರದಲ್ಲಿ ಬೆಂಚಿನ ಮೇಲೆ ಕುಳಿತು, ಕೈ ಚಾಚಿ ಅವಳ ಕೈಗೆ ಬಳೆ ಏರಿಸಲು ಹೋದೆ. ಬಾವಿಯಿಂದ ಕೊಡ ಎತ್ತುವವನ ಹಾಗೆ ಏದುಸಿರು ಬಿಟ್ಟೆ. ಒಂದೇ ಒಂದು ಬಳೆಯೂ ಇಡಿಯಾಗಿ ಉಳಿಯಲಿಲ್ಲ. ಅವಳು ಚೂರು ಗುಡಿಸುತ್ತ, "ಆ ಒಂದು ಮಾತಿಗಿಂತ ಇದೇ ಸುಲಭ ಅನ್ನಿಸ್ತಾ ನಿಮಗೆ?" ಎಂದಳು. ನಿಜ ಹೇಳಬೇಕೆಂದರೆ, ಹಾಗೇ ಅನ್ನಿಸಿತ್ತು.

ಶುಕ್ರವಾರ ಹೋದೆ. ಬೀದಿ ದಾಟುವುದು ಅಷ್ಟು ಹೊತ್ತು ಹಿಡಿಯುವ ಕೆಲಸವೆಂದು ಗೊತ್ತಿರಲಿಲ್ಲ. ಮಂಡಿಗಳಿಗೆ ಹೇಳುವ ಮಾತೇ ತೊದಲುತ್ತಿತ್ತು. ಮುದ್ದಯ್ಯ ಬಾಗಿಲಲ್ಲಿ ನಿಂತಿದ್ದ, ನಾನು ಹೊಸಿಲು ನೋಡಿಕೊಂಡು ಒಳಗೆ ಹೋದೆ. ನಡುಮನೆಯ ತುಂಬ ಹೆಂಗಸರು. ಗಂಡಿನ ಸೋದರತ್ತೆ ಗೋಡೆಗೆ ಒರಗಿ, ಬೆಲೆ ಕಟ್ಟುವವರ ಹಾಗೆ ಎಲ್ಲವನ್ನೂ ನೋಡುತ್ತಿದ್ದರು. ಅಲಮೇಲು ಚಾಪೆಯ ಮೇಲೆ ಕುಳಿತು ಕೈ ಚಾಚಿದಳು. ನಾನೂ ಕುಳಿತೆ. ಬೆರಳುಗಳಿಗೆ ಹೇಳಿ ಹಸಿರು ಬಳೆ ಎತ್ತಿಕೊಂಡೆ. ತೋಳು ನೆಟ್ಟಗೆ ಮುಂದೆ. ಅವಳೇ ಹಿಂದೆ ಸರಿದು ಜಾಗ ಮಾಡಿಕೊಟ್ಟಳು, ಆ ಮಗು. ಬೆನ್ನು ಬಗ್ಗಿಸಿ, ಉಸಿರು ಹಿಡಿದು, ಬಳೆಯನ್ನು ಗೆಣ್ಣಿನವರೆಗೆ ತಂದೆ. ಟಕ್ ಎಂದಿತು. ಚೂರು ಅವಳ ಹೆಬ್ಬೆರಳ ಬುಡಕ್ಕೆ ತಾಗಿ ರಕ್ತದ ಒಂದು ಹನಿ ಮೂಡಿತು.

ಗಂಡಿನ ಸೋದರತ್ತೆ ಬೆನ್ನಿಗೆ ಹೇಳಿ ನೆಟ್ಟಗೆ ಕುಳಿತರು. "ಮದುವಣಗಿತ್ತಿ ಬಳೆ ಒಡೆಯೋದು ನಮ್ಮ ಕಡೆ ಒಳ್ಳೇದಲ್ಲ. ಒಂದಾಯಿತು, ಕಣ್ಣು ಮುಚ್ಕೊಂಡೆ. ಇನ್ನೊಂದು ಒಡೆದ್ರೆ ನಾವು ಮನೇಲಿ ಕೂತು ಯೋಚನೆ ಮಾಡಬೇಕಾಗುತ್ತೆ."

ಅಲಮೇಲು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. ಅಷ್ಟು ಜನ ಇದ್ದರೂ ನನ್ನನ್ನೇ ನೋಡುತ್ತಿದ್ದಳು. "ತೊಡಿಸು ದೊಡ್ಡಪ್ಪ" ಎಂದಳು, ಅಷ್ಟೇ. ಒಂದು ಮಜ್ಜಿಗೆ ಚರಿಗೆ, ಒಂದು ಕರಿಬೇವಿನ ಎಲೆ, ಅದಕ್ಕೆ ಈ ಹುಡುಗಿಯ ಬಾಳು ಒತ್ತೆಯಾಗಬೇಕೇ ಎನ್ನಿಸಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ತೋಳಿನ ಹಿಂದಿನವನು ಚುಚ್ಚಿ ಚುಚ್ಚಿ ನೋಯುತ್ತಿದ್ದ. ಇಷ್ಟು ತಿಂಗಳು, ನಾನು ಸಿಟ್ಟಿನಲ್ಲಿ ಆಡಿದ ಒಂದು ಮಾತನ್ನು ಹಿಡಿದುಕೊಂಡು, ಬಿಡು ಎನ್ನುವುದನ್ನು ಕಾಯುತ್ತ ನಿಂತಿದ್ದ. ನಾನು ಬಳೆಗಾರನ ಮಗ ಅಲ್ಲದಿದ್ದರೆ ಬೇಡ ಎಂದುಕೊಂಡೆ.

"ತಮ್ಮಾ" ಎಂದೆ. ಪಿಸುಗುಟ್ಟಿದಂತಾಯಿತು. ಇಂಥ ದನಿಗೆ ಸ್ನಾಯು ಕೇಳುವುದಿಲ್ಲವೆಂದು ಮತ್ತೆ ಗಟ್ಟಿಯಾಗಿ ಹೇಳಿದೆ. "ತಮ್ಮಾ, ಬಿಡು."

ಹಿಂದಿನಿಂದ ಉತ್ತರ ಬಂತು. "ಬಿಟ್ಟೆ ಕಣಣ್ಣಾ."

ಆಮೇಲೆ ಧಡಾರನೆ ಸದ್ದು. ತಿರುಗಿ ನೋಡಿದೆ. ಅಡುಗೆಮನೆ ಬಾಗಿಲಲ್ಲಿ ಮುದ್ದಯ್ಯ ನಿಂತಿದ್ದ. ಬಂದವರಿಗೆ ಕೊಡಲು ತರುತ್ತಿದ್ದ ಸಕ್ಕರೆಯ ತಟ್ಟೆ ಅವನ ಕಾಲ ಬುಡದಲ್ಲಿ ಗಿರಗಿರನೆ ತಿರುಗುತ್ತಿತ್ತು. ಅವನು ಬಿಟ್ಟೆ ಎಂದದ್ದನ್ನು ಅವನ ಬೆರಳುಗಳೂ ಕೇಳಿಸಿಕೊಂಡಿದ್ದವು. ಸಕ್ಕರೆ ಪಂಚೆಯ ಮೇಲೆ, ಪಾದದ ಮೇಲೆ, ಒಂದಿಷ್ಟು ಮೀಸೆಯ ಮೇಲೂ ಹಾರಿತ್ತು. ಆ ಹೆಸರಿನವರನ್ನು ಆಚೆ ಕಳಿಸಬೇಕೆಂಬ ಅಪ್ಪನ ಒಂದೇ ಒಂದು ಕಟ್ಟಳೆಯನ್ನು ನಾನು ಎರಡನೆಯ ಸಲ ಮರೆತಿದ್ದೆ.

ನನಗೆ ನಗು ಬಂತು. ಕೆನ್ನೆಗೆ ಹೇಳಲಿಲ್ಲ, ತುಟಿಗೆ ಹೇಳಲಿಲ್ಲ, ತಾನಾಗಿ ಬಂತು. ಮುದ್ದಯ್ಯ ಮೀಸೆಯ ಸಕ್ಕರೆ ನೆಕ್ಕಿ ನನ್ನನ್ನು ನೋಡಿದ. ಅವನ ಕಣ್ಣು ತುಂಬಿತ್ತು. ಅವನೂ ನಕ್ಕ, ಅವನೂ ಹೇಳದೆಯೇ. ಹೆಂಗಸರೆಲ್ಲ ನಕ್ಕರು. ಗಂಡಿನ ಸೋದರತ್ತೆ ಕೂಡ, ಕೆನ್ನೆಗೆ ಹೇಳಿದ್ದು ನನಗೆ ಕೇಳಿಸಲಿಲ್ಲ.

"ಕರಿಬೇವೊಂದು ಕಡಿಮೆ ಆಯ್ತು ನೋಡಣ್ಣ" ಎಂದ ಮುದ್ದಯ್ಯ.

"ಹೋಗೋ, ಮೊದಲು ಸಕ್ಕರೆ ಬಳಿ. ಇರುವೆ ಬರ್ತವೆ" ಎಂದೆ.

ಅವನು ಬಗ್ಗಿ ಬಳಿಯತೊಡಗಿದ. "ಅಣ್ಣಾ, ಬಿಡು. ತಮ್ಮಾ, ಎಳಿ" ಎಂದು ತನ್ನ ತೋಳಿಗೆ ಹೇಳಿಕೊಳ್ಳುತ್ತಿದ್ದ, ಈ ಸಲ ಬೀದಿ ದಾಟುವಷ್ಟು ಜೋರಾಗಿ ಅಲ್ಲ, ತೋಳಿಗೆ ಕೇಳುವಷ್ಟೇ. ನನ್ನ ತೋಳು ನೋಡಿಕೊಂಡೆ. ಹಿಂದಿನ ಗಂಟು ಕರಗಿತ್ತು. "ಅಣ್ಣಾ, ಎಳಿ" ಎಂದೆ. ಮೊಣಕೈ ತುಕ್ಕು ಹಿಡಿದ ಕೀಲಿನಂತೆ ಕಿರುಗುಟ್ಟಿ ಮಡಚಿಕೊಂಡಿತು. ಅಲಮೇಲುವಿನ ಕೈಯನ್ನು ಹತ್ತಿರಕ್ಕೆ ತಂದುಕೊಂಡು, ಅಂಗೈ ಹಿಂಡಿ, ಹೆಬ್ಬೆರಳು ಮಡಿಸಿ, ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸಿದೆ. ಒಂದೂ ಒಡೆಯಲಿಲ್ಲ. ಊರಿನವರು ಇದನ್ನು ಈಗಲೂ ನಂಬುವುದಿಲ್ಲ.

ಕೊನೆಯ ಬಳೆ ಗೆಣ್ಣಿನ ಹತ್ತಿರ ಬಂದಾಗ ಅಲಮೇಲು ನನ್ನ ಕಿವಿಯ ಹತ್ತಿರ ಬಗ್ಗಿದಳು.

"ದೊಡ್ಡಪ್ಪ, ನಿಜ ಹೇಳು. ತಮ್ಮಾ ಬಿಡು ಅಂದಿದ್ದು ಯಾರಿಗೆ? ತೋಳಿಗೋ, ಅಪ್ಪನಿಗೋ?"

ಮುದ್ದಯ್ಯ ನೆಲದ ಮೇಲೆ ಸಕ್ಕರೆ ಬಳಿಯುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದ.

"ಮಾತಾಡಬೇಡ ಮಗಾ, ಕೈ ಬಿಗಿಯಾಗುತ್ತೆ" ಎಂದೆ. "ಸಡಿಲ ಬಿಡು."